ತಾರಸಿ ಬಾಗಿಲ ಬೀಗ

ನನ್ನ ಮೇಜಿನ ಮೇಲೆ, ಕಡತ ಹಾರದಂತೆ,
ಒಂದು ಬೀಗ ಇಟ್ಟುಕೊಂಡಿದ್ದೇನೆ.
ಏಳು ಲಿವರಿನದು. ಕೊಂಡಿ ಸೊಟ್ಟಗಾಗಿದೆ,
ಒಂದು ಕಡೆ ಮಸಿ, ಒರೆಸಿದರೂ ಹೋಗಲಿಲ್ಲ.
ಠಾಣೆಗೆ ಹೊಸದಾಗಿ ಸೇರಿದ ಹುಡುಗರು ಕೇಳುತ್ತಾರೆ:
ಕೀ ಇಲ್ವಾ ಸಾರ್ ಇದಕ್ಕೆ?
ಇದೆ ಕಣಯ್ಯ. ಬಸವೇಶ್ವರನಗರದಲ್ಲಿದೆ,
ಮಾಲೀಕರ ದೇವರ ಗೂಡಿನ ಪಕ್ಕ, ಮೊಳೆಗೆ.

ಫೆಬ್ರವರಿಯಲ್ಲಿ ಹೋಗಿದ್ದೆ ತಪಾಸಣೆಗೆ.
ಮಾಮೂಲ್‌ಪೇಟೆಯ ಒಳ ಓಣಿ,
ಎರಡು ಕೈ ಚಾಚಿದರೆ ಎರಡು ಅಂಗಡಿ ಸಿಗುತ್ತವೆ.
ಮೆಟ್ಟಿಲಿಗೊಂದರಂತೆ ಲೈನಿಂಗ್ ಬಟ್ಟೆಯ ಥಾನು,
ಸಣಕಲರೂ ಅಡ್ಡಡ್ಡ ಹತ್ತಬೇಕು.
ಕೆಂಪು ಬಕೆಟ್ಟಿನಲ್ಲಿ ಮರಳಿತ್ತು, ಸುಳ್ಳು ಹೇಳಬಾರದು;
ಮರಳ ಮೇಲೆ ಎಲೆಯಡಿಕೆ ಉಗುಳು, ಬೀಡಿ ತುಂಡು,
ಒಂದರಲ್ಲಿ ಯಾರೋ ತುಳಸಿ ನೆಟ್ಟಿದ್ದರು.
ಬಾಗಿಲು ಬಡಿಯದಂತೆ ಸಿಲಿಂಡರ್ ಆನಿಸಿದ್ದರು.
ಅದರ ಚೀಟಿಯ ತಾರೀಖು ಓದಿದೆ: ನನ್ನ ಮಗಳು
ಆಗ ಎರಡನೇ ಕ್ಲಾಸು. ಈಗ ಪಿಯುಸಿ.

ಮೂರನೇ ಮಹಡಿಯಲ್ಲಿ ಹೊಲಿಗೆ, ಇಸ್ತ್ರಿ.
ಇಸ್ತ್ರಿಯ ಚೌಡಮ್ಮ ಮಾತ್ರ ಕೇಳಿದಳು:
"ಹೊಗೆ ತುಂಬಿದ್ರೆ ಕೆಳಕ್ಕೋಗೋದಾ, ಮೇಲಕ್ಕಾ?"
"ಕೆಳಕ್ಕೆ. ನೆಲ ಹಿಡಿದು, ತೆವಳ್ಕೊಂಡು.
ಕೆಳಗೇ ಹತ್ಕೊಂಡಿದ್ರೆ ತಾರಸಿಗೆ" ಅಂದೆ.
"ತಾರಸಿಗೆ ಬೀಗ ಐತಲ್ಲ."
ಬರೆದೆ. ನೋಟಿಸಿನ ಆರನೇ ಅಂಶ.
ಏಳನೆಯದು, ಅವಳ ಇದ್ದಿಲ ಇಸ್ತ್ರಿ ಪೆಟ್ಟಿಗೆ:
ಅಪಾಯಕಾರಿ, ಕೂಡಲೇ ತೆಗೆಸತಕ್ಕದ್ದು.
"ಪಾರಿವಾಳದ ಕಾಟ ಸಾರ್, ಅದಕ್ಕೇ ಬೀಗ" ಎಂದು
ಮಾಲೀಕರು ಬಾದಾಮಿ ಹಾಲು ತರಿಸಿದರು.
ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂದು
ಗಾದೆ ಆಡಿಕೊಳ್ಳುತ್ತದೆ.
ನಾವು ತೋಡಿಟ್ಟ ಬಾವಿಯನ್ನೇ ಚಕ್ರಕ್ಕೇರಿಸಿ
ಗಂಟೆ ಬಾರಿಸಿಕೊಂಡು ಬರುವವರು.
ಬಂದ ಬಾವಿ ಅವೆನ್ಯೂ ರಸ್ತೆಯ ತಿರುವಲ್ಲೇ
ನಿಂತುಬಿಡುವುದು ಗಾದೆಗೆ ಗೊತ್ತಿಲ್ಲ:
ಮುಂದೆ ಓಣಿ, ಓಣಿಗಡ್ಡ ಗೂಡ್ಸ್ ಆಟೋ,
ಆಟೋದವನು ಯಾವ ಬಡಾವಣೆಯಲ್ಲಿ ಮಲಗಿದ್ದಾನೋ.

ರಾತ್ರಿ ಎರಡೂ ಹತ್ತು. ಹೋಸನ್ನು ಹೆಗಲಿಗೆ ಹಾಕಿಕೊಂಡೆವು,
ಸುರುಳಿಗೆ ಸುರುಳಿ ಜೋಡಿಸಿ, ಒಂಬತ್ತು.
ಆ ಬಟ್ಟೆ ಉರಿಯುವುದಕ್ಕಿಂತ ಕರಗುವುದೇ ಹೆಚ್ಚು;
ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು
ಹೊತ್ತಿದ ಪಾಕದ ಹಾಗೆ.
ಹಬ್ಬದ ಆರ್ಡರು. ಏಳು ಜನ ಮೇಲೇ ಒರಗಿದ್ದರು.
ಕೂಗಿದೆವು. ಯಾರೂ ಓಗೊಡಲಿಲ್ಲ.

ಆಮೇಲೆ ಸದ್ದು.
ಧೊಪ್. ಧೊಪ್.
ಒರಳಲ್ಲಿ ಕುಟ್ಟಿದ ಹಾಗೆ, ತಾಳ ತಪ್ಪದೆ.
ಚೌಡಮ್ಮ, ಆರು ಕೇಜಿ ಹಿತ್ತಾಳೆಯನ್ನು,
ನೋಟಿಸಿನ ಏಳನೇ ಅಂಶವನ್ನು,
ಎರಡೂ ಕೈಲಿ ಎತ್ತಿ, ಕಣ್ಣು ಮುಚ್ಚಿ,
ಆರನೇ ಅಂಶದ ಮೇಲೆ ಹಾಕುತ್ತಿದ್ದಳು.
ಹದಿನೇಳನೆಯ ಏಟಿಗೆ ಬಿತ್ತಂತೆ.
ಎಣಿಸಿದವನು ಗುಂಡಿ ಹೊಲಿಯುವ ಹುಡುಗ ನಯಾಜ್,
ಅವಳ ಸೆರಗು ಹಿಡಿದು ಹಿಂದೆ ಕೂತಿದ್ದವನು.
ಏಳೂ ಜನ ಪಕ್ಕದ ತಾರಸಿಗೆ ದಾಟಿದರು.

ಅಗ್ನಿಶಾಮಕ ದಳದ ಸಮಯಪ್ರಜ್ಞೆ, ಎಂದು ಪೇಪರಿನಲ್ಲಿ ಬಂತು.
ಠಾಣೆಯ ಗೋಡೆಗೆ ಅಂಟಿಸಿದ್ದಾರೆ.
ನಾನು ಆ ಕಡೆ ಮುಖ ಮಾಡಿ ಕೂರುವುದಿಲ್ಲ.

ಬೆಳಿಗ್ಗೆ ಹೋಸ್ ತೊಳೆದು ಗೋಪುರಕ್ಕೆ ನೇತುಹಾಕಿ
ಲಗ್ಗೆರೆಗೆ ಬಂದೆ. ಬಾಡಿಗೆ ಮನೆ, ಎರಡನೇ ಮಹಡಿ.
ಬೂಟು ಬಿಚ್ಚದೆ ನೇರ ಮೇಲೆ ಹತ್ತಿದೆ.
ನಾಲ್ಕು ವರ್ಷದಿಂದ ಇದ್ದೇನೆ, ಹತ್ತಿ ನೋಡಿದ್ದು ಮೊದಲ ಸಲ.
ಬೀಗ. ಅದೇ ಕಂಪನಿ.
ಓನರ್ ಪುಟ್ಟತಾಯಮ್ಮನವರ ಬಾಗಿಲು ತಟ್ಟಿ ಕೀ ಕೇಳಿದೆ.
ಮಸಿ ಮೋರೆಯನ್ನು, ಒದ್ದೆ ಖಾಕಿಯನ್ನು
ಮೇಲಿಂದ ಕೆಳಗೆ ನೋಡಿ
"ಯಾಕಪ್ಪ, ಬಟ್ಟೆ ಒಣಗಾಕೋಕಾ?" ಅಂದರು.